ಶೇರ್‌ಪಾಯಿಂಟ್ ಸರ್ವರ್‌ಗೆ ಮೇಲ್ ಬರುತ್ತಿಲ್ವಾ? ಮೊದಲು ಡ್ರಾಪ್ ಫೋಲ್ಡರ್ ತೆರೆದು ನೋಡಿ

ಶೇರ್‌ಪಾಯಿಂಟ್ ಅಂದರೆ ಸಂಸ್ಥೆಯವರು ಫೈಲ್ ಮತ್ತು ಮಾಹಿತಿ ಹಂಚಿಕೊಳ್ಳುವ ಮೈಕ್ರೋಸಾಫ್ಟ್ ತಂತ್ರಾಂಶ. ಅದರ ಲೈಬ್ರರಿ (ಫೈಲ್ ಇಡುವ ಜಾಗ) ಮತ್ತು ಲಿಸ್ಟ್‌ಗಳಿಗೆ ಒಂದೊಂದು ಮೇಲ್ ವಿಳಾಸ ಕೊಟ್ಟು ನೇರವಾಗಿ ಅಲ್ಲಿಗೇ ಮೇಲ್ ಕಳಿಸಬಹುದು. ಒಂದೇ ಯಂತ್ರದ ಮೇಲೆ ಎಲ್ಲವನ್ನೂ ಹಾಕಿಕೊಂಡಿರುವ ಶೇರ್‌ಪಾಯಿಂಟ್ ಸರ್ವರ್‌ನಲ್ಲಿ ಒಳಬರುವ ಮೇಲ್ ಕೈಕೊಟ್ಟರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸಿಕ್ಕ ಸೆಟ್ಟಿಂಗ್ ಎಲ್ಲ ಬದಲಾಯಿಸುತ್ತಾರೆ. ಆಮೇಲೆ ಯಾವುದನ್ನು ಬದಲಾಯಿಸಿದ್ದೇವೆ ಅನ್ನುವುದೇ ನೆನಪಿರುವುದಿಲ್ಲ, ಮೊದಲಿದ್ದ ಒಂದು ದೋಷದ ಜೊತೆ ಹೊಸದಾಗಿ ಎರಡು ಸೇರಿಕೊಂಡಿರುತ್ತವೆ. ಅದರ ಬದಲು ಒಂದೇ ಒಂದು ಪರೀಕ್ಷಾ ಮೇಲ್ ಕಳಿಸಿ, ಅದು ದಾರಿಯಲ್ಲಿ ಎಲ್ಲಿ ನಿಂತಿತು ಅಂತ ಹುಡುಕಿ. ನಿಂತ ಜಾಗ ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ.

ದಾರಿ ಇಷ್ಟೇ. ಕಳಿಸುವವರ ಮೇಲ್ ಸರ್ವರ್ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ ಹೆಸರುಗಳ ವಿಳಾಸಪಟ್ಟಿಯಲ್ಲಿ, ನಿಮ್ಮ ಡೊಮೇನಿನ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಯಂತ್ರಕ್ಕೆ ಹೋಗಬೇಕು ಅನ್ನುವ ನಮೂದು) ನೋಡುತ್ತದೆ. ಅಲ್ಲಿ ಸಿಕ್ಕ ಹೆಸರಿನ ಯಂತ್ರಕ್ಕೆ ಪೋರ್ಟ್ 25ರಲ್ಲಿ, ಅಂದರೆ ಮೇಲ್‌ಗೆಂದು ಇರುವ ಬಾಗಿಲಲ್ಲಿ, ಸಂಪರ್ಕ ಮಾಡುತ್ತದೆ. ನಿಮ್ಮ ಯಂತ್ರದಲ್ಲಿರುವ ವಿಂಡೋಸ್ ಎಸ್‌ಎಂಟಿಪಿ (ಮೇಲ್ ಸಾಗಿಸುವ ವಿಧಾನ) ಸರ್ವಿಸ್ ಆ ಮೇಲ್ ಪಡೆದು ಒಂದು ಫೈಲ್ ಮಾಡಿ ಡ್ರಾಪ್ ಫೋಲ್ಡರ್‌ನಲ್ಲಿ ಇಡುತ್ತದೆ. ಸಾಮಾನ್ಯವಾಗಿ ಅದು ಸಿ ಡ್ರೈವ್‌ನ ಇನೆಟ್‌ಪಬ್ ಒಳಗೆ, ಮೇಲ್‌ರೂಟ್ ಒಳಗೆ ಇರುತ್ತದೆ. ಶೇರ್‌ಪಾಯಿಂಟ್ ಟೈಮರ್ ಸರ್ವಿಸ್ ನಿಮಿಷಕ್ಕೊಮ್ಮೆ ಆ ಫೋಲ್ಡರ್ ನೋಡಿ, ಫೈಲ್ ಓದಿ, ವಿಳಾಸಕ್ಕೆ ತಕ್ಕ ಲೈಬ್ರರಿಗೋ ಲಿಸ್ಟ್‌ಗೋ ಹಾಕಿ, ಫೈಲ್ ಅಳಿಸುತ್ತದೆ.

ಅಂದರೆ ಡ್ರಾಪ್ ಫೋಲ್ಡರ್ ನಡುವಿನ ಗಡಿ. ಮೇಲ್ ಅಲ್ಲಿಗೆ ಬಂದಿದ್ದರೆ ಡಿಎನ್‌ಎಸ್, ಫೈರ್‌ವಾಲ್, ಎಸ್‌ಎಂಟಿಪಿ ಎಲ್ಲವೂ ಸರಿ ಇವೆ, ಅವನ್ನು ಮುಟ್ಟಬೇಡಿ. ಬಂದಿಲ್ಲವಾದರೆ ಶೇರ್‌ಪಾಯಿಂಟ್ ಪುಟಗಳಲ್ಲಿ ಎಷ್ಟು ಕ್ಲಿಕ್ ಮಾಡಿದರೂ ಪ್ರಯೋಜನವಿಲ್ಲ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಶೇರ್‌ಪಾಯಿಂಟ್ 2010 ಮತ್ತು 2013ಕ್ಕೆ. ಎಸ್‌ಕ್ಯುಎಲ್ ಎಕ್ಸ್‌ಪ್ರೆಸ್ (ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್) ಸಮೇತ ತಾನೇ ಎಲ್ಲ ಜೋಡಿಸಿಕೊಳ್ಳುವ ಸ್ಟ್ಯಾಂಡ್‌ಅಲೋನ್ ಇನ್‌ಸ್ಟಾಲ್ ಇದ್ದದ್ದು ಅವುಗಳಲ್ಲಿ, 2016ರಲ್ಲಿ ಆ ಆಯ್ಕೆಯನ್ನು ತೆಗೆದರು. ಆದರೆ ಮೇಲ್ ಬರುವ ದಾರಿ ಮುಂದಿನ ಆವೃತ್ತಿಗಳಲ್ಲೂ ಇದೇ, ಒಂದೇ ಸರ್ವರ್‌ನ ಫಾರ್ಮ್ (ಶೇರ್‌ಪಾಯಿಂಟ್‌ನ ಇಡೀ ಜೋಡಣೆ) ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ.

ನಿನ್ನೆವರೆಗೆ ಬರುತ್ತಿತ್ತು, ಯಂತ್ರ ರೀಸ್ಟಾರ್ಟ್ ಆದ ಮೇಲೆ ನಿಂತಿದೆ

ಇದು ತೀರಾ ಸಾಮಾನ್ಯ, ಅಷ್ಟೇ ಸುಲಭ. ವಿಂಡೋಸ್‌ನಲ್ಲಿ ಎಸ್‌ಎಂಟಿಪಿ ಸರ್ವರ್ ಅನ್ನುವ ಫೀಚರ್ ಹಾಕಿದಾಗ ಅದರ ಸರ್ವಿಸ್‌ನ ಸ್ಟಾರ್ಟಪ್ ಟೈಪ್ ಮ್ಯಾನ್ಯುಯಲ್ ಆಗಿರುತ್ತದೆ. ಹಾಕಿದ ದಿನ ಕೈಯಾರೆ ಶುರು ಮಾಡಿರುತ್ತೀರಿ, ತಿಂಗಳುಗಟ್ಟಲೆ ಓಡುತ್ತದೆ. ಯಾವುದೋ ಅಪ್‌ಡೇಟ್ ಬಂದು ಯಂತ್ರ ರೀಸ್ಟಾರ್ಟ್ ಆದ ರಾತ್ರಿ ಮತ್ತೆ ಶುರುವಾಗುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ.

ಸರ್ವಿಸಸ್ ಪಟ್ಟಿ ತೆರೆಯಿರಿ. ಸಿಂಪಲ್ ಮೇಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್ ಅನ್ನುವ ಸಾಲು ನೋಡಿ. ನಿಂತಿದ್ದರೆ ಶುರು ಮಾಡಿ, ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್‌ಗೆ ಹಾಕಿ. ಅದೇ ಪಟ್ಟಿಯಲ್ಲಿ ಶೇರ್‌ಪಾಯಿಂಟ್ ಟೈಮರ್ ಸರ್ವಿಸ್ ಕೂಡ ಓಡುತ್ತಿದೆಯಾ ನೋಡಿಬಿಡಿ.

ಸರ್ವಿಸ್ ಓಡುತ್ತಿದ್ದರೂ ಒಳಗಿನ ವರ್ಚುವಲ್ ಸರ್ವರ್, ಅಂದರೆ ನಿಜವಾಗಿ ಮೇಲ್ ಪಡೆಯುವ ಭಾಗ, ನಿಂತಿರುವ ಸಾಧ್ಯತೆ ಇದೆ. ಅದನ್ನು ನೋಡಲು ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) 6.0 ಮ್ಯಾನೇಜರ್ ಬೇಕು, ಹೊಸ ಐಐಎಸ್ ಮ್ಯಾನೇಜರ್‌ನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಶುರು ಮಾಡಲು ಹೋದಾಗ ಶುರುವಾಗದಿದ್ದರೆ ಪೋರ್ಟ್ 25ನ್ನು ಬೇರೆ ಯಾವುದೋ ಮೇಲ್ ತಂತ್ರಾಂಶ ಹಿಡಿದಿದೆಯಾ ಅಂತ ನೆಟ್‌ಸ್ಟ್ಯಾಟ್ ಕಮಾಂಡ್‌ನಿಂದ ನೋಡಿ. ಒಂದೇ ಯಂತ್ರದಲ್ಲಿ ಎರಡು ಸರ್ವಿಸ್‌ಗಳು ಒಂದೇ ಪೋರ್ಟ್‌ಗೆ ಕಿತ್ತಾಡಿದರೆ ಮೊದಲು ಎದ್ದದ್ದು ಗೆಲ್ಲುತ್ತದೆ, ಹಾಗಾಗಿ ಒಮ್ಮೆ ಸರಿ ಇದ್ದು ಮುಂದಿನ ಸಲ ಕೆಡುತ್ತದೆ.

ಕಳಿಸಿದವರಿಗೆ ಮೇಲ್ ಬೌನ್ಸ್ ಆಗಿ ವಾಪಸ್ ಬರುತ್ತಿದೆ

ಬೌನ್ಸ್ ಬಂದರೆ ಬೇಸರ ಮಾಡಬೇಡಿ, ಅದು ಒಳ್ಳೆಯ ಸುದ್ದಿ. ಯಾವ ಯಂತ್ರ ಬೇಡ ಅಂದಿತು, ಯಾಕೆ ಅಂದಿತು, ಎರಡೂ ಅದರಲ್ಲೇ ಬರೆದಿರುತ್ತದೆ. ಕಳಿಸಿದವರಿಂದ ಬೌನ್ಸ್ ಮೇಲನ್ನು ಪೂರ್ತಿಯಾಗಿ ತರಿಸಿಕೊಳ್ಳಿ, ಸ್ಕ್ರೀನ್‌ಶಾಟ್ ಸಾಲದು.

ಕೋಡ್ 5ರಿಂದ ಶುರುವಾದರೆ ಅದು ಕೊನೆಯ ಮಾತು, ಮತ್ತೆ ಪ್ರಯತ್ನ ಮಾಡುವುದಿಲ್ಲ. 4ರಿಂದ ಶುರುವಾದರೆ ಸದ್ಯಕ್ಕೆ ಆಗಿಲ್ಲ, ಆಮೇಲೆ ನೋಡುತ್ತೇನೆ ಅಂತ.

550 5.1.1, ಅಂದರೆ ಇಂಥ ಬಳಕೆದಾರ ಇಲ್ಲ ಅಂತ ಬಂದರೆ ಒಂದು ವಿಷಯ ಖಚಿತ. ಆ ಉತ್ತರ ಕೊಟ್ಟದ್ದು ನಿಮ್ಮ ಶೇರ್‌ಪಾಯಿಂಟ್ ಯಂತ್ರ ಅಲ್ಲವೇ ಅಲ್ಲ. ವಿಂಡೋಸ್ ಎಸ್‌ಎಂಟಿಪಿ ತನ್ನ ಡೊಮೇನಿಗೆ ಬಂದ ಮೇಲ್‌ನ ಹೆಸರಿನ ಭಾಗವನ್ನು ಪರೀಕ್ಷೆ ಮಾಡುವುದಿಲ್ಲ, ಏನೇ ಹೆಸರಿದ್ದರೂ ತೆಗೆದುಕೊಂಡು ಡ್ರಾಪ್‌ಗೆ ಹಾಕುತ್ತದೆ. ಹಾಗಾದರೆ ಉತ್ತರ ಕೊಟ್ಟದ್ದು ಸಂಸ್ಥೆಯ ಮುಖ್ಯ ಮೇಲ್ ಸರ್ವರ್. ಇದು ನನ್ನ ಡೊಮೇನ್, ಇಲ್ಲಿರುವ ಎಲ್ಲರನ್ನೂ ನಾನು ಬಲ್ಲೆ, ಈ ಹೆಸರಿನವರು ಯಾರೂ ಇಲ್ಲ ಅಂತ ಅದು ಅಲ್ಲೇ ತಡೆದಿದೆ. ಜನ ಮಾಡುವ ಸಾಮಾನ್ಯ ಎಡವಟ್ಟು ಇದೇ: ಎಲ್ಲರ ಮೇಲ್‌ಬಾಕ್ಸ್ ಇರುವ ಡೊಮೇನನ್ನೇ ಶೇರ್‌ಪಾಯಿಂಟ್‌ಗೂ ಬಳಸುವುದು. ಪೋರ್ಟಲ್ ಅಂತಲೋ ಟೀಮ್ ಅಂತಲೋ ಒಂದು ಪ್ರತ್ಯೇಕ ಉಪಡೊಮೇನ್ ಮಾಡಿ, ಅದಕ್ಕೆ ಬರುವ ಮೇಲ್ ಎಲ್ಲ ಶೇರ್‌ಪಾಯಿಂಟ್ ಯಂತ್ರಕ್ಕೆ ಹೋಗುವ ಹಾಗೆ ಮುಖ್ಯ ಸರ್ವರ್‌ನಲ್ಲಿ ಒಂದು ಸೆಂಡ್ ಕನೆಕ್ಟರ್ ಹಾಕಿಸಿ. ಇದಕ್ಕಿಂತ ಸ್ವಚ್ಛವಾದ ದಾರಿ ನನಗೆ ಕಂಡಿಲ್ಲ.

550 5.7.1 ಜೊತೆಗೆ ರಿಲೇ (ಬಂದ ಮೇಲನ್ನು ಬೇರೆ ಡೊಮೇನಿಗೆ ಮುಂದೆ ಸಾಗಿಸುವುದು) ಮಾಡಲಾಗದು ಅನ್ನುವ ಸಾಲಿದ್ದರೆ ಮೇಲ್ ನಿಮ್ಮ ಯಂತ್ರದ ಬಾಗಿಲವರೆಗೆ ಬಂದಿದೆ. ಆದರೆ ಆ ಡೊಮೇನ್ ತನ್ನದು ಅಂತ ಎಸ್‌ಎಂಟಿಪಿಗೆ ಗೊತ್ತಿಲ್ಲ. ಮೊದಲಿಗೆ ಅದರ ಪಟ್ಟಿಯಲ್ಲಿ ಯಂತ್ರದ ಪೂರ್ತಿ ಹೆಸರು ಮಾತ್ರ ಇರುತ್ತದೆ. ಐಐಎಸ್ 6.0 ಮ್ಯಾನೇಜರ್‌ನಲ್ಲಿ ವರ್ಚುವಲ್ ಸರ್ವರ್ ಕೆಳಗೆ ಡೊಮೇನ್ಸ್ ಅನ್ನುವಲ್ಲಿ ಹೊಸ ಡೊಮೇನ್ ಸೇರಿಸಿ, ಅಲಿಯಾಸ್ ಅನ್ನುವುದನ್ನು ಆರಿಸಿ, ನಿಮ್ಮ ಉಪಡೊಮೇನ್ ಹೆಸರು ಕೊಡಿ. ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಜೋರಾಗಿಯೇ ಹೇಳಬೇಕು. ರಿಲೇ ಅನ್ನುವ ಪದ ನೋಡಿದ ತಕ್ಷಣ ಕೆಲವರು ರಿಲೇ ಸೆಟ್ಟಿಂಗ್‌ಗೆ ಹೋಗಿ ಎಲ್ಲರಿಗೂ ಅವಕಾಶ ಕೊಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ಅದು ನಿಮ್ಮ ಯಂತ್ರವನ್ನು ಓಪನ್ ರಿಲೇ ಮಾಡುತ್ತದೆ, ಅಂದರೆ ಲೋಕದ ಯಾರು ಬೇಕಾದರೂ ನಿಮ್ಮ ಯಂತ್ರದ ಮೂಲಕ ಯಾರಿಗೆ ಬೇಕಾದರೂ ಸ್ಪ್ಯಾಮ್ ಕಳಿಸಬಹುದು. ಇಂಥ ಯಂತ್ರಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಂಗಳಿವೆ, ಸಿಕ್ಕಿಬೀಳಲು ಹೊತ್ತು ಬೇಕಾಗಿಲ್ಲ. ಆಮೇಲೆ ನಿಮ್ಮ ಐಪಿ ಕಪ್ಪುಪಟ್ಟಿಗೆ ಸೇರಿ, ಸಂಸ್ಥೆಯ ಮಾಮೂಲಿ ಮೇಲ್‌ಗೂ ಕುತ್ತು ಬರುತ್ತದೆ. ಒಳಬರುವ ಮೇಲ್‌ಗೆ ರಿಲೇ ಅನುಮತಿ ಬೇಕೇ ಇಲ್ಲ, ಬೇಕಿರುವುದು ಅಲಿಯಾಸ್ ಡೊಮೇನ್ ಮಾತ್ರ. ಯಾರೋ ಮೊದಲೇ ತೆರೆದಿಟ್ಟಿದ್ದರೆ ಈ ಬರಹದ ಉಳಿದದ್ದನ್ನು ಆಮೇಲೆ ಓದಿ, ಮೊದಲು ಅದನ್ನು ಮುಚ್ಚಿ.

552 ಕೋಡ್, ಅಥವಾ ಗಾತ್ರ ಜಾಸ್ತಿ ಅನ್ನುವ ಸಾಲು ಇದ್ದರೆ ಕೆಳಗಿರುವ ಅಟ್ಯಾಚ್‌ಮೆಂಟ್ ಭಾಗಕ್ಕೆ ಹೋಗಿ.

ಬೌನ್ಸ್ ಇಲ್ಲ, ಸುದ್ದಿಯೂ ಇಲ್ಲ, ಡ್ರಾಪ್ ಫೋಲ್ಡರ್ ಖಾಲಿ

ಇಲ್ಲಿ ಎರಡು ಸಾಧ್ಯತೆ. ಮೇಲ್ ಡ್ರಾಪ್‌ಗೆ ಬರಲೇ ಇಲ್ಲ, ಇಲ್ಲವೇ ಬಂದು, ನೀವು ನೋಡುವ ಮೊದಲೇ ಟೈಮರ್ ಎತ್ತಿಕೊಂಡು ಹೋಗಿದೆ. ಮೊದಲು ಯಾವುದು ಅಂತ ಬೇರೆ ಮಾಡಿ. ಟೈಮರ್ ಸರ್ವಿಸ್ ನಿಲ್ಲಿಸಿ, ಹೊಸ ಮೇಲ್ ಕಳಿಸಿ, ಕೆಲವು ನಿಮಿಷ ಕಾದು ಫೋಲ್ಡರ್ ನೋಡಿ. ಟೈಮರ್ ನಿಂತಷ್ಟು ಹೊತ್ತು ಅಲರ್ಟ್‌ಗಳು, ವರ್ಕ್‌ಫ್ಲೋಗಳು, ನಿಗದಿತ ಕೆಲಸಗಳು ಎಲ್ಲವೂ ನಿಲ್ಲುತ್ತವೆ, ಹಾಗಾಗಿ ಜನ ಕಡಿಮೆ ಇರುವ ಹೊತ್ತು ನೋಡಿ ಮಾಡಿ, ಮುಗಿದ ತಕ್ಷಣ ಮರೆಯದೆ ಶುರು ಮಾಡಿ.

ಫೈಲ್ ಕಾಣಿಸಿಕೊಂಡರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಕಾಣಿಸದಿದ್ದರೆ ದೋಷ ಗಡಿಯ ಹೊರಗಿದೆ. ಈಗ ಒಳಗಿನಿಂದ ಹೊರಗೆ ಹೋಗೋಣ.

ಮೊದಲ ಪರೀಕ್ಷೆಗೆ ನೆಟ್‌ವರ್ಕ್ ಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ ಫ್ರಮ್, ಟು, ಸಬ್ಜೆಕ್ಟ್ ಮೂರು ಸಾಲು ಬರೆಯಿರಿ, ಒಂದು ಖಾಲಿ ಸಾಲು ಬಿಟ್ಟು ಕೆಳಗೆ ಏನಾದರೂ ಒಂದು ವಾಕ್ಯ ಬರೆಯಿರಿ. ಆ ಫೈಲನ್ನು ಮೇಲ್‌ರೂಟ್ ಒಳಗಿನ ಪಿಕಪ್ ಫೋಲ್ಡರ್‌ಗೆ ಹಾಕಿ. ಎಸ್‌ಎಂಟಿಪಿ ಸರಿ ಇದ್ದರೆ ಅದು ಕ್ಷಣದಲ್ಲಿ ಪಿಕಪ್‌ನಿಂದ ಮಾಯವಾಗಿ ಡ್ರಾಪ್‌ನಲ್ಲಿ ಕಾಣುತ್ತದೆ. ಪಿಕಪ್‌ನಲ್ಲೇ ಕೂತಿದ್ದರೆ ಎಸ್‌ಎಂಟಿಪಿ ಓಡುತ್ತಿಲ್ಲ. ಕ್ಯೂ ಫೋಲ್ಡರ್‌ಗೆ ಹೋಗಿ ಕೂತರೆ ಅಥವಾ ಬ್ಯಾಡ್‌ಮೇಲ್‌ಗೆ ಬಿದ್ದರೆ ಆ ಡೊಮೇನನ್ನು ಅದು ತನ್ನದು ಅಂದುಕೊಂಡಿಲ್ಲ, ಮೇಲೆ ಹೇಳಿದ ಅಲಿಯಾಸ್ ಡೊಮೇನ್ ನೋಡಿ. ಈ ಚಿಕ್ಕ ಪರೀಕ್ಷೆ ಎಷ್ಟೋ ಹೊತ್ತಿನ ಊಹಾಪೋಹ ಉಳಿಸುತ್ತದೆ, ಆದರೂ ಮಾಡುವವರು ಕಡಿಮೆ.

ಎರಡನೆಯದು ಟೆಲ್ನೆಟ್, ಅಂದರೆ ಒಂದು ಪೋರ್ಟ್‌ಗೆ ಕೈಯಾರೆ ಸಂಪರ್ಕ ಮಾಡುವ ಪುಟ್ಟ ತಂತ್ರಾಂಶ. ಇತ್ತೀಚಿನ ವಿಂಡೋಸ್‌ಗಳಲ್ಲಿ ಟೆಲ್ನೆಟ್ ಕ್ಲೈಂಟ್ ತಾನಾಗಿ ಇರುವುದಿಲ್ಲ, ಫೀಚರ್ಸ್‌ನಿಂದ ಸೇರಿಸಿಕೊಳ್ಳಬೇಕು. ಮೊದಲು ಅದೇ ಯಂತ್ರದಿಂದ, ಆಮೇಲೆ ಅದೇ ನೆಟ್‌ವರ್ಕ್‌ನ ಇನ್ನೊಂದು ಯಂತ್ರದಿಂದ, ಕೊನೆಗೆ ಹೊರಗಿನಿಂದ, ಈ ಕ್ರಮದಲ್ಲಿ ಪೋರ್ಟ್ 25ಕ್ಕೆ ಸಂಪರ್ಕ ಮಾಡಿ. 220 ಅಂತ ಶುರುವಾಗುವ ಸಾಲು ಬಂದರೆ ಬಾಗಿಲು ತೆರೆದಿದೆ. ಹೆಲೋ ಹೇಳಿ, ಕಳಿಸುವವರ ವಿಳಾಸ ಕೊಡಿ, ಪಡೆಯುವವರ ವಿಳಾಸ ಕೊಡಿ, ಪ್ರತಿಯೊಂದಕ್ಕೂ 250 ಬರಬೇಕು. ಡೇಟಾ ಅಂದಾಗ 354 ಬರಬೇಕು. ನಾಲ್ಕು ಮಾತು ಬರೆದು, ಒಂಟಿ ಚುಕ್ಕೆ ಇರುವ ಸಾಲಿನಿಂದ ಮುಗಿಸಿದರೆ ಮತ್ತೆ 250 ಬಂದು, ಫೈಲ್ ಡ್ರಾಪ್‌ಗೆ ಬೀಳಬೇಕು.

ಅದೇ ಯಂತ್ರದಿಂದ ಸಂಪರ್ಕವಾಗಿ ಪಕ್ಕದ ಯಂತ್ರದಿಂದ ಆಗದಿದ್ದರೆ ವಿಂಡೋಸ್ ಫೈರ್‌ವಾಲ್ ಮೇಲೆ ಮೊದಲ ಅನುಮಾನ. ಪೋರ್ಟ್ 25ಕ್ಕೆ ಒಳಬರುವ ನಿಯಮ ಇದೆಯಾ, ಅದು ನೀವಿರುವ ನೆಟ್‌ವರ್ಕ್ ಪ್ರೊಫೈಲ್‌ಗೆ ಅನ್ವಯವಾಗುತ್ತಾ ನೋಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ನೋಡುವ ಚಾಳಿ ಬಿಡಿ, ಒಂದು ನಿಯಮ ಸೇರಿಸಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಪಕ್ಕದ ಯಂತ್ರದಿಂದ ಆಗಿ ಹೊರಗಿನಿಂದ ಆಗದಿದ್ದರೆ ರೂಟರ್, ಹೊರಗಿನ ಫೈರ್‌ವಾಲ್, ಅಥವಾ ಇಂಟರ್ನೆಟ್ ಒದಗಿಸುವವರು. ಸ್ಪ್ಯಾಮ್ ತಡೆಯಲೆಂದು ಪೋರ್ಟ್ 25ನ್ನು ಮುಚ್ಚುವ ಸೇವಾದಾರರು ಬಹಳ ಜನ ಇದ್ದಾರೆ. ಅದು ನಿಮ್ಮ ಕಡೆಯಿಂದ ಸರಿಯಾಗುವ ವಿಷಯವಲ್ಲ, ಅವರನ್ನೇ ಕೇಳಬೇಕು.

ಮೂರನೆಯದು ಡಿಎನ್‌ಎಸ್. ಎನ್‌ಎಸ್‌ಲುಕಪ್‌ನಲ್ಲಿ (ಡಿಎನ್‌ಎಸ್ ವಿಚಾರಿಸುವ ಕಮಾಂಡ್) ಎಂಎಕ್ಸ್ ಬಗೆಯ ರೆಕಾರ್ಡ್ ಕೇಳಿ. ಎಂಎಕ್ಸ್ ರೆಕಾರ್ಡ್ ಒಂದು ಹೆಸರಿಗೆ ತೋರಿಸಬೇಕು, ನೇರ ಐಪಿಗೆ ಅಲ್ಲ. ಆ ಹೆಸರಿಗೆ ಎ ರೆಕಾರ್ಡ್ (ಹೆಸರಿನಿಂದ ಐಪಿಗೆ) ಇರಬೇಕು, ಸಿನೇಮ್ (ಹೆಸರಿನಿಂದ ಇನ್ನೊಂದು ಹೆಸರಿಗೆ) ಅಲ್ಲ. ಈಗತಾನೇ ಬದಲಾಯಿಸಿದ್ದರೆ ಟಿಟಿಎಲ್ (ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) ಮುಗಿಯುವವರೆಗೆ ಕೆಲವು ಕಡೆ ಹಳೆಯದೇ ಕಾಣುತ್ತದೆ, ಕಾಯದೆ ಬೇರೆ ದಾರಿಯಿಲ್ಲ. ಮುಖ್ಯ ಮೇಲ್ ಸರ್ವರ್‌ನಲ್ಲಿ ಕನೆಕ್ಟರ್ ಹಾಕಿ ಯಂತ್ರದ ಹೆಸರನ್ನೇ ಕೊಟ್ಟಿದ್ದರೆ ಅಲ್ಲಿಂದ ಬರುವ ಮೇಲ್‌ಗೆ ಎಂಎಕ್ಸ್ ಪಾತ್ರವೇ ಇಲ್ಲ, ಡಿಎನ್‌ಎಸ್ ಕೆದಕುತ್ತ ಕೂರಬೇಡಿ. ಆ ಕನೆಕ್ಟರ್ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಕಡ್ಡಾಯ ಅಂತ ಹೇಳುತ್ತಿದ್ದು, ನಿಮ್ಮ ಎಸ್‌ಎಂಟಿಪಿಯಲ್ಲಿ ಸರ್ಟಿಫಿಕೇಟ್ ಇಲ್ಲದಿದ್ದರೆ ಮೇಲ್ ಆ ಕಡೆಯ ಕ್ಯೂನಲ್ಲೇ ಕೂತಿರುತ್ತದೆ. ಆ ಕಡೆಯವರಿಗೆ ಫೋನ್ ಮಾಡಿ ಕ್ಯೂ ನೋಡಲು ಹೇಳಿ.

ಎಸ್‌ಪಿಎಫ್ ಸರಿ ಮಾಡಿದ್ದೇವೆ, ಆದರೂ ಬರುತ್ತಿಲ್ಲ ಅನ್ನುವ ಮಾತು ಆಗಾಗ ಕೇಳುತ್ತದೆ. ನಿಮ್ಮ ಎಸ್‌ಪಿಎಫ್ ರೆಕಾರ್ಡ್, ಅಂದರೆ ನಿಮ್ಮ ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಡಿಎನ್‌ಎಸ್ ನಮೂದು, ನೀವು ಹೊರಗೆ ಕಳಿಸುವ ಮೇಲ್‌ಗೆ ಸಂಬಂಧಿಸಿದ್ದು. ಒಳಗೆ ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಷ್ಟು ಹೊತ್ತು ಬೌನ್ಸ್ ಯಾಕೆ ಬರಲಿಲ್ಲ ಅಂತ ಅನಿಸಬಹುದು. ಸಂಪರ್ಕವೇ ಆಗದಿದ್ದಾಗ ಕಳಿಸುವ ಸರ್ವರ್ ಬಿಟ್ಟುಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4ರಿಂದ 5 ದಿನ ಪ್ರಯತ್ನಿಸಬೇಕು ಅಂತ 2008ರ ಎಸ್‌ಎಂಟಿಪಿ ನಿಯಮ ಹೇಳುತ್ತದೆ, ಕೆಲವು ಸರ್ವರ್‌ಗಳು ಬೇಗ ಕೈಬಿಡುತ್ತವೆ. ಇದರಲ್ಲಿ ಒಂದು ಒಳ್ಳೆಯದಿದೆ: ಅಷ್ಟರೊಳಗೆ ನೀವು ಸರಿ ಮಾಡಿದರೆ ಕಾಯುತ್ತಿದ್ದ ಮೇಲ್‌ಗಳು ತಾವಾಗಿಯೇ ಬಂದು ಸೇರುತ್ತವೆ.

ಡ್ರಾಪ್ ಫೋಲ್ಡರ್‌ನಲ್ಲಿ ಫೈಲ್‌ಗಳ ರಾಶಿ ಬೆಳೆಯುತ್ತಿದೆ

ಸಂತೋಷಪಡಿ, ಕಷ್ಟದ ಅರ್ಧ ಮುಗಿದಿದೆ. ಇಲ್ಲಿ ತಪ್ಪಿರುವುದು ಎತ್ತಿಕೊಂಡು ಹೋಗುವ ಕೆಲಸ ಮಾತ್ರ.

ಟೈಮರ್ ಸರ್ವಿಸ್ ಓಡುತ್ತಿದೆಯಾ? ಸೆಂಟ್ರಲ್ ಅಡ್ಮಿನಿಸ್ಟ್ರೇಷನ್‌ನಲ್ಲಿ (ಶೇರ್‌ಪಾಯಿಂಟ್ ನಿರ್ವಹಣೆಯ ಪುಟಗಳು) ಸಿಸ್ಟಮ್ ಸೆಟ್ಟಿಂಗ್ಸ್ ಕೆಳಗೆ ಒಳಬರುವ ಮೇಲ್ ಸೆಟ್ಟಿಂಗ್‌ನಲ್ಲಿ ಯೆಸ್ ಇದೆಯಾ? ಈ ಸರ್ವರ್‌ನ ಸರ್ವಿಸ್‌ಗಳ ಪುಟದಲ್ಲಿ ಇನ್‌ಕಮಿಂಗ್ ಇ-ಮೇಲ್ ಅನ್ನುವುದು ಸ್ಟಾರ್ಟೆಡ್ ಇದೆಯಾ? ಮಾನಿಟರಿಂಗ್ ಕೆಳಗಿನ ಟೈಮರ್ ಜಾಬ್ ಇತಿಹಾಸದಲ್ಲಿ ಇನ್‌ಕಮಿಂಗ್ ಇ-ಮೇಲ್ ಜಾಬ್ ನಿಮಿಷಕ್ಕೊಮ್ಮೆ ಓಡಿರುವುದು ಕಾಣುತ್ತಾ? ಓಡುತ್ತಿಲ್ಲದಿದ್ದರೆ ಟೈಮರ್ ಸರ್ವಿಸನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಜಾಬ್ ಸರಿಯಾಗಿ ಓಡಿಯೂ ಫೈಲ್ ಅಲ್ಲೇ ಇದ್ದರೆ ಎರಡು ಕಾರಣ. ಒಂದು, ಶೇರ್‌ಪಾಯಿಂಟ್ ಬೇರೆ ಫೋಲ್ಡರ್ ನೋಡುತ್ತಿದೆ. ಆಟೋಮ್ಯಾಟಿಕ್ ಆಯ್ಕೆಯಲ್ಲಿ ಅದು ಎಸ್‌ಎಂಟಿಪಿಯನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಅಡ್ವಾನ್ಸ್ಡ್ ಆಯ್ಕೆಯಲ್ಲಿ ನೀವು ಬರೆದ ದಾರಿಯೇ ದಾರಿ, ಒಂದು ಅಕ್ಷರ ತಪ್ಪಿದರೂ ಮುಗಿಯಿತು. ಸ್ಟ್ಯಾಂಡ್‌ಅಲೋನ್ ಯಂತ್ರದಲ್ಲಿ ಅಡ್ವಾನ್ಸ್ಡ್ ಬಳಸಲು ಕಾರಣವೇ ಇಲ್ಲ. ವಿಂಡೋಸ್ ಎಸ್‌ಎಂಟಿಪಿ ಬಿಟ್ಟು ಬೇರೆ ಮೇಲ್ ತಂತ್ರಾಂಶ ಡ್ರಾಪ್‌ಗೆ ಬರೆಯುವಾಗ ಮಾತ್ರ ಅದು ಬೇಕು.

ಎರಡು, ಹಕ್ಕುಗಳು. ಟೈಮರ್ ಸರ್ವಿಸ್ ಯಾವ ಖಾತೆಯ ಹೆಸರಿನಲ್ಲಿ ಓಡುತ್ತಿದೆ ಅಂತ ಸರ್ವಿಸಸ್ ಪಟ್ಟಿಯ ಲಾಗ್ ಆನ್ ಕಾಲಂನಲ್ಲಿ ನೋಡಿ. ಆ ಖಾತೆಗೆ ಡ್ರಾಪ್ ಫೋಲ್ಡರ್ ಮೇಲೆ ಓದುವ, ಬರೆಯುವ, ಪಟ್ಟಿ ನೋಡುವ, ಒಳಗಿನ ಫೈಲ್ ಅಳಿಸುವ ಹಕ್ಕು ಬೇಕು. ಯಾರಾದರೂ ಖಾತೆ ಬದಲಾಯಿಸಿದ್ದರೆ, ಅಥವಾ ಸಿ ಡ್ರೈವ್ ತುಂಬಿತೆಂದು ಮೇಲ್‌ರೂಟನ್ನು ಬೇರೆ ಡ್ರೈವ್‌ಗೆ ಸರಿಸಿದ್ದರೆ ಹಕ್ಕುಗಳು ತಪ್ಪಿಹೋಗಿರುತ್ತವೆ. ಸುಮ್ನೆ ಎವೆರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟು ಕೈತೊಳೆಯಬೇಡಿ. ಆ ಫೋಲ್ಡರ್‌ಗೆ ಬಿದ್ದ ಯಾವ ಫೈಲಾದರೂ ಮೇಲ್ ಅಂತ ಲೈಬ್ರರಿಗೆ ಹೋಗುತ್ತದೆ, ಅದು ನೆನಪಿರಲಿ.

ಓದುವ ಹಕ್ಕಿದ್ದು ಅಳಿಸುವ ಹಕ್ಕು ಮಾತ್ರ ತಪ್ಪಿದರೆ ಲಕ್ಷಣ ಬೇರೆ: ಒಂದೇ ಮೇಲ್ ಮತ್ತೆ ಮತ್ತೆ ಲಿಸ್ಟ್‌ಗೆ ಬಂದು ಬೀಳಬಹುದು. ಆಗ ಟೈಮರ್ ನಿಲ್ಲಿಸಿ, ಆ ಫೈಲನ್ನು ಬೇರೆ ಕಡೆ ಸರಿಸಿ, ಹಕ್ಕು ಸರಿ ಮಾಡಿ, ಆಮೇಲೆ ಶುರು ಮಾಡಿ. ಆಂಟಿವೈರಸ್ ಆ ಫೋಲ್ಡರ್‌ನ ಫೈಲ್‌ಗಳನ್ನು ಹಿಡಿದಿಟ್ಟುಕೊಂಡಾಗಲೂ ಹೀಗೆ ಆಗಬಹುದು.

ಡ್ರಾಪ್‌ನಿಂದ ಮೇಲ್ ಹೋಗುತ್ತಿದೆ, ಲೈಬ್ರರಿಯಲ್ಲಿ ಮಾತ್ರ ಏನೂ ಇಲ್ಲ

ಜನ ಜಾಸ್ತಿ ತಲೆಕೆಡಿಸಿಕೊಳ್ಳುವುದು ಇಲ್ಲೇ, ಯಾಕೆಂದರೆ ಎಲ್ಲವೂ ಸರಿ ಇರುವ ಹಾಗೆ ಕಾಣುತ್ತದೆ.

ಮೊದಲು ದೋಷವೇ ಅಲ್ಲದ ಒಂದು ವಿಷಯ. ಡಾಕ್ಯುಮೆಂಟ್ ಲೈಬ್ರರಿಗೆ ಮೇಲ್ ಕಳಿಸಿದಾಗ ಉಳಿಯುವುದು ಅಟ್ಯಾಚ್‌ಮೆಂಟ್. ಮೂಲ ಮೇಲನ್ನೂ ಉಳಿಸಬೇಕೆಂಬ ಆಯ್ಕೆಗೆ ನೋ ಇದ್ದರೆ ಬರಹ ಎಲ್ಲೂ ಉಳಿಯುವುದಿಲ್ಲ. ಪರೀಕ್ಷೆಗೆಂದು ಒಂದು ಸಾಲು ಬರೆದು ಅಟ್ಯಾಚ್‌ಮೆಂಟ್ ಇಲ್ಲದೆ ಕಳಿಸಿದರೆ ಲೈಬ್ರರಿಯಲ್ಲಿ ಕಾಣಲು ಏನೂ ಇರುವುದಿಲ್ಲ, ಅಲ್ವಾ? ಪರೀಕ್ಷೆ ಮಾಡುವಾಗ ಯಾವಾಗಲೂ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಸೇರಿಸಿ. ಕ್ಯಾಲೆಂಡರ್‌ಗೂ ಹೀಗೇ ಒಂದು ಗುಣ ಇದೆ, ಅದಕ್ಕೆ ಮೀಟಿಂಗ್ ಆಹ್ವಾನ ಬೇಕು, ಸಾದಾ ಮೇಲ್ ಕಾರ್ಯಕ್ರಮವಾಗಿ ಬದಲಾಗುವುದಿಲ್ಲ.

ಎರಡನೆಯದು, ಫೈಲ್ ಬಂದಿದೆ, ನಿಮಗೆ ಕಾಣುತ್ತಿಲ್ಲ. ಲೈಬ್ರರಿಯಲ್ಲಿ ಕಂಟೆಂಟ್ ಅಪ್ರೂವಲ್ ಇದ್ದರೆ ಒಪ್ಪಿಗೆ ಸಿಗುವವರೆಗೆ ಎಲ್ಲರಿಗೂ ಕಾಣುವುದಿಲ್ಲ. ಚೆಕ್‌ಔಟ್ (ತಿದ್ದಲೆಂದು ಫೈಲನ್ನು ಒಬ್ಬರ ಹೆಸರಿಗೆ ಹಿಡಿದಿಡುವುದು) ಕಡ್ಡಾಯ ಇದ್ದರೆ, ಅಥವಾ ತುಂಬಲೇಬೇಕಾದ ಕಾಲಂ ಇದ್ದರೆ ಫೈಲ್ ಸಿಸ್ಟಮ್ ಖಾತೆಯ ಹೆಸರಿನಲ್ಲಿ ಚೆಕ್‌ಔಟ್ ಆಗಿ ಕೂತಿರಬಹುದು. ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ ಚೆಕ್‌ಇನ್ ಆವೃತ್ತಿ ಇಲ್ಲದ ಫೈಲ್‌ಗಳನ್ನು ನಿರ್ವಹಿಸುವ ಪುಟ ಇದೆ, ಅಲ್ಲಿ ನೋಡಿ. ಅಲ್ಲಿ ಸಾಲಾಗಿ ಕೂತಿದ್ದರೆ ಮೇಲ್ ವ್ಯವಸ್ಥೆಯಲ್ಲಿ ಏನೂ ತಪ್ಪಿಲ್ಲ. ಮೇಲ್ ಪಡೆಯುವ ಲೈಬ್ರರಿಯನ್ನು ನಿಯಮಗಳಿಲ್ಲದೆ ಸರಳವಾಗಿಟ್ಟು, ಆಮೇಲೆ ಬೇಕಾದಲ್ಲಿಗೆ ಸಾಗಿಸುವುದು ನೆಮ್ಮದಿ.

ಇವೆರಡೂ ಅಲ್ಲವಾದರೆ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್‌ನಲ್ಲಿ 6871 ಮತ್ತು 6873 ಸಂಖ್ಯೆಗಳನ್ನು ಹುಡುಕಿ. 6871 ಒಂದು ಸುತ್ತಿನ ವರದಿ, ಎಷ್ಟು ಮೇಲ್ ನೋಡಿದೆ, ಎಷ್ಟರಲ್ಲಿ ತಪ್ಪಾಯಿತು ಅಂತ ಹೇಳುತ್ತದೆ. 6873 ಒಂದು ನಿರ್ದಿಷ್ಟ ಫೈಲ್ ಯಾಕೆ ಆಗಲಿಲ್ಲ ಅಂತ ಹೇಳುತ್ತದೆ. ಅದರಲ್ಲಿ ಜಾಸ್ತಿ ಕಾಣುವ ಮಾತು ಅನ್‌ನೋನ್ ಅಲಿಯಾಸ್. ಇಲ್ಲಿ ಅಲಿಯಾಸ್ ಅಂದರೆ ವಿಳಾಸದಲ್ಲಿ ಅಟ್ ಗುರುತಿನ ಮೊದಲಿರುವ ಹೆಸರು, ಎಸ್‌ಎಂಟಿಪಿಯ ಅಲಿಯಾಸ್ ಡೊಮೇನ್ ಅಲ್ಲ. ಆ ಹೆಸರಿನ ಲಿಸ್ಟ್ ಯಾವುದೂ ಶೇರ್‌ಪಾಯಿಂಟ್‌ಗೆ ಗೊತ್ತಿಲ್ಲ ಅಂತ ಅರ್ಥ.

ಅಕ್ಷರ ತಪ್ಪಿದೆಯಾ ನೋಡಿ. ಅದಕ್ಕೆ ಒಳ್ಳೆಯ ಉಪಾಯ, ಮೇಲೆ ಹೇಳಿದ ಹಾಗೆ ಟೈಮರ್ ನಿಲ್ಲಿಸಿ ಡ್ರಾಪ್‌ನಲ್ಲಿ ಬಂದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯುವುದು. ಮೇಲ್ಗಡೆ ಎಕ್ಸ್-ಸೆಂಡರ್, ಎಕ್ಸ್-ರಿಸೀವರ್ ಅನ್ನುವ ಸಾಲುಗಳಿರುತ್ತವೆ. ಮೇಲ್ ನಿಜವಾಗಿ ಯಾವ ವಿಳಾಸಕ್ಕೆ ಬಂದಿದೆ ಅನ್ನುವುದು ಎಕ್ಸ್-ರಿಸೀವರ್‌ನಲ್ಲಿದೆ. ಗುಂಪು ವಿಳಾಸದ ಮೂಲಕವೋ ಬಿಸಿಸಿಯಲ್ಲೋ ಬಂದ ಮೇಲ್‌ನಲ್ಲಿ ಟು ಸಾಲು ಬೇರೆಯೇ ಹೇಳುತ್ತದೆ, ಅದನ್ನು ನಂಬಬೇಡಿ.

ಅಕ್ಷರ ಸರಿ ಇದ್ದೂ ಅನ್‌ನೋನ್ ಅಲಿಯಾಸ್ ಬಂದರೆ, ಸೈಟನ್ನು ಬ್ಯಾಕಪ್‌ನಿಂದ ಮರಳಿ ತಂದಿದ್ದೀರಾ, ಅಥವಾ ಕಂಟೆಂಟ್ ಡೇಟಾಬೇಸ್ ಬೇರೆ ಯಂತ್ರದಿಂದ ತಂದು ಜೋಡಿಸಿದ್ದೀರಾ ಯೋಚಿಸಿ. ಯಾವ ವಿಳಾಸ ಯಾವ ಲಿಸ್ಟ್‌ಗೆ ಅನ್ನುವ ಪಟ್ಟಿ ಇರುವುದು ಸೈಟಿನ ವಿಷಯ ಇರುವ ಕಂಟೆಂಟ್ ಡೇಟಾಬೇಸ್‌ನಲ್ಲಲ್ಲ, ಫಾರ್ಮ್‌ನ ಸೆಟ್ಟಿಂಗ್ ಇರುವ ಕಾನ್ಫಿಗರೇಶನ್ ಡೇಟಾಬೇಸ್‌ನಲ್ಲಿ. ಸೈಟ್ ಬಂದರೂ ಆ ನಂಟು ಜೊತೆಗೆ ಬಂದಿರುವುದಿಲ್ಲ. ಲಿಸ್ಟ್ ಸೆಟ್ಟಿಂಗ್‌ನಲ್ಲಿ ಮೇಲ್ ಪಡೆಯುವ ಆಯ್ಕೆಗೆ ನೋ ಕೊಟ್ಟು ಉಳಿಸಿ, ಮತ್ತೆ ಯೆಸ್ ಕೊಟ್ಟು ಅದೇ ವಿಳಾಸ ಬರೆದು ಉಳಿಸಿ. ನಂಟು ಹೊಸದಾಗಿ ಬರೆಯಲ್ಪಡುತ್ತದೆ. ಡೇಟಾಬೇಸ್ ಟೇಬಲ್‌ಗೆ ನೇರವಾಗಿ ಕೈಹಾಕಿ ಸಾಲು ಸೇರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲವಿಲ್ಲ, ಕೆಟ್ಟರೆ ಇಡೀ ಫಾರ್ಮ್ ಕೆಡುತ್ತದೆ.

ಕೆಲವರ ಮೇಲ್ ಬರುತ್ತದೆ, ಕೆಲವರದ್ದು ಬರುವುದಿಲ್ಲ

ಲಿಸ್ಟ್‌ನ ಮೇಲ್ ಸೆಟ್ಟಿಂಗ್‌ನಲ್ಲಿ ಎರಡು ಆಯ್ಕೆ ಇವೆ: ಲಿಸ್ಟ್‌ನ ಅನುಮತಿಗಳ ಪ್ರಕಾರ ಪಡೆಯುವುದು, ಅಥವಾ ಯಾರಿಂದ ಬಂದರೂ ಪಡೆಯುವುದು. ಮೊದಲನೆಯದು ಇದ್ದಾಗ ಶೇರ್‌ಪಾಯಿಂಟ್ ಫ್ರಮ್ ವಿಳಾಸವನ್ನು ಬಳಕೆದಾರರ ಮೇಲ್ ವಿಳಾಸದ ಜೊತೆ ಹೋಲಿಸಿ, ಅವರಿಗೆ ಬರೆಯುವ ಹಕ್ಕಿದೆಯಾ ನೋಡುತ್ತದೆ. ಸೈಟಿನ ಬಳಕೆದಾರ ಮಾಹಿತಿಯಲ್ಲಿ ಮೇಲ್ ವಿಳಾಸ ಖಾಲಿ ಇದ್ದರೆ, ಹಳೆಯದಿದ್ದರೆ, ಅಥವಾ ಅವರು ಫೋನಿನ ಬೇರೆ ಖಾತೆಯಿಂದ ಕಳಿಸಿದ್ದರೆ ಹೋಲಿಕೆ ತಪ್ಪುತ್ತದೆ. ಆಗ ಅವರಿಗೆ ಎಷ್ಟೇ ಹಕ್ಕಿದ್ದರೂ ಮೇಲ್ ಬಿದ್ದುಹೋಗುತ್ತದೆ.

ಹಾಗೆಂದು ಥಟ್ ಅಂತ ಎರಡನೆಯ ಆಯ್ಕೆಗೆ ಹೋಗಬೇಡಿ. ಹತ್ತು ನಿಮಿಷ ಪರೀಕ್ಷೆಗೆ ಬದಲಾಯಿಸಿ ನೋಡುವುದು ಸರಿ, ಅದರಿಂದ ಕಾರಣ ಖಚಿತವಾಗುತ್ತದೆ. ಆದರೆ ಹಾಗೇ ಬಿಟ್ಟರೆ ವಿಳಾಸ ಗೊತ್ತಿರುವ ಯಾರು ಬೇಕಾದರೂ ನಿಮ್ಮ ಲೈಬ್ರರಿಗೆ ಫೈಲ್ ತುಂಬಬಹುದು. ಅನುಮತಿ ಪ್ರಕಾರ ಇದ್ದರೂ ಪೂರ್ತಿ ಭದ್ರ ಅಂತಲ್ಲ, ಫ್ರಮ್ ವಿಳಾಸವನ್ನು ನಕಲು ಮಾಡುವುದು ಕಷ್ಟವೇನಲ್ಲ, ವಿಂಡೋಸ್ ಎಸ್‌ಎಂಟಿಪಿ ಅದನ್ನು ಪರೀಕ್ಷೆ ಮಾಡುವುದೂ ಇಲ್ಲ. ಅದಕ್ಕೇ ಈ ಯಂತ್ರವನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡದೆ, ಸ್ಪ್ಯಾಮ್ ಮತ್ತು ವೈರಸ್ ಸೋಸುವ ಮೇಲ್ ಸರ್ವರ್ ಹಿಂದೆ ಇಡಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎಲ್ಲರದ್ದೂ ಒಂದೇ ದಿನ ನಿಂತಿದ್ದರೆ, ಅದೂ ಮೇಲ್ ಗೇಟ್‌ವೇ ಬದಲಾದ ದಿನವೇ ಆಗಿದ್ದರೆ, ಸೆಂಟ್ರಲ್ ಅಡ್ಮಿನಿಸ್ಟ್ರೇಷನ್‌ನ ಸೇಫ್ ಇ-ಮೇಲ್ ಸರ್ವರ್ಸ್ ಪಟ್ಟಿ (ಯಾವ ಸರ್ವರ್‌ಗಳಿಂದ ಬಂದ ಮೇಲ್ ಪಡೆಯಬೇಕು ಅನ್ನುವುದು) ನೋಡಿ. ಅಲ್ಲಿ ಹಳೆಯ ಐಪಿ ಮಾತ್ರ ಇರಬಹುದು.

ಚಿಕ್ಕ ಮೇಲ್ ಬರುತ್ತದೆ, ದೊಡ್ಡ ಅಟ್ಯಾಚ್‌ಮೆಂಟ್ ಇದ್ದರೆ ಬರುವುದಿಲ್ಲ

ಶೇರ್‌ಪಾಯಿಂಟ್ 2010ರಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ 50 ಎಂಬಿ, 2013ರಲ್ಲಿ 250 ಎಂಬಿ. ಎಲ್ಲರೂ ಅಲ್ಲಿಗೇ ಹೋಗಿ ನೋಡುತ್ತಾರೆ. ಆದರೆ ತಡೆ ಇರುವುದು ಮೊದಲೇ: ವಿಂಡೋಸ್ ಎಸ್‌ಎಂಟಿಪಿಯ ವರ್ಚುವಲ್ ಸರ್ವರ್‌ನಲ್ಲಿ ಮೆಸೇಜಸ್ ಟ್ಯಾಬ್ ತೆರೆದರೆ ಒಂದು ಮೇಲ್‌ನ ಮಿತಿ 2048 ಕೆಬಿ ಅಂತ ಇರುತ್ತದೆ. ಅಂದರೆ 2 ಎಂಬಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗುವಾಗ ಬೇಸ್64 ರೂಪಕ್ಕೆ ಬದಲಾಗಿ ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತದೆ, ಹಾಗಾಗಿ 1.5 ಎಂಬಿ ಫೈಲೇ ಮಿತಿಗೆ ತಾಗುತ್ತದೆ. ಅದೇ ಟ್ಯಾಬ್‌ನಲ್ಲಿ ಸೆಷನ್ ಮಿತಿ 10240 ಕೆಬಿ ಇರುತ್ತದೆ, ಎರಡನ್ನೂ ಜೊತೆಯಾಗಿ ಏರಿಸಿ. ಮಿತಿಯನ್ನೇ ತೆಗೆದುಹಾಕಬೇಡಿ, ಡಿಸ್ಕ್ ತುಂಬಿದರೆ ಅದೇ ಯಂತ್ರದಲ್ಲಿರುವ ಎಸ್‌ಕ್ಯುಎಲ್ ಡೇಟಾಬೇಸ್‌ಗೂ ಕುತ್ತು.

ಎಸ್‌ಕ್ಯುಎಲ್ ಎಕ್ಸ್‌ಪ್ರೆಸ್ ಇರುವವರು ಡೇಟಾಬೇಸ್ ಗಾತ್ರವನ್ನೂ ಗಮನಿಸಿ. 2008 ಆರ್2ರಿಂದ 2022ರವರೆಗಿನ ಆವೃತ್ತಿಗಳಲ್ಲಿ ಅದರ ಮಿತಿ ಒಂದು ಡೇಟಾಬೇಸ್‌ಗೆ 10 ಜಿಬಿ. ಮೇಲ್ ಅಟ್ಯಾಚ್‌ಮೆಂಟ್‌ಗಳು ಅದನ್ನು ಸದ್ದಿಲ್ಲದೆ ತುಂಬುತ್ತವೆ.

ಗಾತ್ರ ಸರಿ ಇದ್ದೂ ಅಟ್ಯಾಚ್‌ಮೆಂಟ್ ಬರದಿದ್ದರೆ ತಡೆಹಿಡಿದ ಫೈಲ್ ಬಗೆಗಳ ಪಟ್ಟಿ ನೋಡಿ. ಫೈಲ್ ಬದಲು ವಿನ್‌ಮೇಲ್ ಡ್ಯಾಟ್ ಅನ್ನುವುದು ಬಂದರೆ ಕಳಿಸಿದವರ ಔಟ್‌ಲುಕ್ ರಿಚ್ ಟೆಕ್ಸ್ಟ್ ರೂಪದಲ್ಲಿ ಕಳಿಸುತ್ತಿದೆ, ಎಚ್‌ಟಿಎಂಎಲ್‌ಗೆ ಬದಲಾಯಿಸಲು ಹೇಳಿ.

ಲಿಸ್ಟ್ ಸೆಟ್ಟಿಂಗ್‌ನಲ್ಲಿ ಮೇಲ್ ಆಯ್ಕೆಯೇ ಕಾಣುತ್ತಿಲ್ಲ, ಅಥವಾ ಉಳಿಸಿದರೆ ಎರರ್ ಬರುತ್ತದೆ

ಸೆಂಟ್ರಲ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಒಳಬರುವ ಮೇಲ್ ಆನ್ ಮಾಡುವವರೆಗೆ ಆ ಕೊಂಡಿ ಯಾವ ಲಿಸ್ಟ್‌ನಲ್ಲೂ ಕಾಣುವುದಿಲ್ಲ. ಆನ್ ಇದ್ದೂ ಒಂದು ಲಿಸ್ಟ್‌ನಲ್ಲಿ ಮಾತ್ರ ಇಲ್ಲದಿದ್ದರೆ ಅದು ಕಸ್ಟಮ್ ಲಿಸ್ಟ್ ಇರಬಹುದು. ಡಾಕ್ಯುಮೆಂಟ್ ಲೈಬ್ರರಿ, ಪ್ರಕಟಣೆ, ಕ್ಯಾಲೆಂಡರ್, ಚರ್ಚೆ ಇವಕ್ಕೆ ಮೇಲ್ ಸೌಲಭ್ಯ ಇದೆ. ಕಸ್ಟಮ್ ಲಿಸ್ಟ್‌ಗೆ ಇಲ್ಲ, ಬೇಕಾದರೆ ಕೋಡ್ ಬರೆಯಬೇಕು.

ವಿಳಾಸ ಬರೆದು ಉಳಿಸುವಾಗ ಎರರ್ ಬಂದರೆ ಡೈರೆಕ್ಟರಿ ಮ್ಯಾನೇಜ್‌ಮೆಂಟ್ ಸರ್ವಿಸ್ ಆನ್ ಇದೆಯಾ ನೋಡಿ. ಅದು ಪ್ರತಿ ಲಿಸ್ಟ್‌ಗೆ ಆಕ್ಟಿವ್ ಡೈರೆಕ್ಟರಿಯಲ್ಲಿ (ಸಂಸ್ಥೆಯ ಬಳಕೆದಾರರ ಖಾತೆಗಳ ಪಟ್ಟಿ) ಒಂದು ಕಾಂಟ್ಯಾಕ್ಟ್ ಮಾಡಲು ಹೋಗುತ್ತದೆ, ಅಲ್ಲಿ ಹಕ್ಕಿಲ್ಲದಿದ್ದರೆ ಎಡವುತ್ತದೆ. ಒಂಟಿ ಸರ್ವರ್‌ಗೆ ಅದು ಬೇಕಿಲ್ಲ. ನೋ ಕೊಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಕ್ಯೂ ಫೋಲ್ಡರ್‌ನಲ್ಲಿ ನಿಮಗೆ ಗೊತ್ತಿಲ್ಲದ ಡೊಮೇನ್‌ಗಳಿಗೆ ಹೋಗುತ್ತಿರುವ ಸಾವಿರಾರು ಮೇಲ್ ಕಂಡರೆ ತಕ್ಷಣ ಎಸ್‌ಎಂಟಿಪಿ ನಿಲ್ಲಿಸಿ, ಭದ್ರತೆ ನೋಡುವವರನ್ನು ಕರೆಯಿರಿ. ಅಲ್ಲಿ ದೋಷ ಹುಡುಕುವ ಕೆಲಸ ಮುಗಿಯಿತು, ಅದು ಬೇರೆ ಸಮಸ್ಯೆ. ಡಿಎನ್‌ಎಸ್ ಅಥವಾ ಮುಖ್ಯ ಮೇಲ್ ಸರ್ವರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಭಾಗವನ್ನು ಅವರಿಗೇ ಬಿಡಿ. ಟೈಮರ್ ಜಾಬ್‌ಗಳು ಮೇಲ್ ಒಂದೇ ಅಲ್ಲ, ಎಲ್ಲವೂ ಸೋಲುತ್ತಿದ್ದರೆ ಅದು ಫಾರ್ಮ್ ಅಥವಾ ಡೇಟಾಬೇಸ್ ತೊಂದರೆ, ಬ್ಯಾಕಪ್ ಇಲ್ಲದೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು, ಹೊಸ ಯಂತ್ರಕ್ಕೆ ಹೋಗುವ ಯೋಚನೆ ಇರುವವರಿಗೆ. ವಿಂಡೋಸ್‌ನ ಎಸ್‌ಎಂಟಿಪಿ ಸರ್ವರ್ ಫೀಚರ್ ವಿಂಡೋಸ್ ಸರ್ವರ್ 2025ರಲ್ಲಿ ಇಲ್ಲ, ತೆಗೆದುಹಾಕಿದ್ದಾರೆ. ಶೇರ್‌ಪಾಯಿಂಟ್ 2010ರ ಬೆಂಬಲ 2021ರ ಏಪ್ರಿಲ್‌ನಲ್ಲಿ, 2013ರ ಬೆಂಬಲ 2023ರ ಏಪ್ರಿಲ್‌ನಲ್ಲಿ ಮುಗಿದಿದೆ. ಇಂಥ ಯಂತ್ರದ ಪೋರ್ಟ್ 25 ನೇರ ಇಂಟರ್ನೆಟ್‌ಗೆ ತೆರೆದಿದ್ದರೆ ಇವತ್ತೇ ಮುಚ್ಚಿ, ಮುಖ್ಯ ಮೇಲ್ ಸರ್ವರ್‌ನ ಐಪಿಯಿಂದ ಮಾತ್ರ ಬರಲು ಬಿಡಿ.

ಸಹಾಯ ಕೇಳುವಾಗ ಮೇಲ್ ಬರುತ್ತಿಲ್ಲ ಅಂತ ಮಾತ್ರ ಹೇಳಿದರೆ ಅವರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಬೌನ್ಸ್ ಇದ್ದರೆ ಅದರ ಪೂರ್ತಿ ಪಠ್ಯ, ಡ್ರಾಪ್‌ಗೆ ಫೈಲ್ ಬರುತ್ತಿದೆಯೋ ಇಲ್ಲವೋ ಅನ್ನುವ ಉತ್ತರ, 6871 ಮತ್ತು 6873ರ ಸಾಲುಗಳು, ಪಿಕಪ್ ಮತ್ತು ಟೆಲ್ನೆಟ್ ಪರೀಕ್ಷೆಯಲ್ಲಿ ಏನಾಯಿತು ಅನ್ನುವುದು, ಇಷ್ಟನ್ನು ಕೊಡಿ. ಎಸ್‌ಎಂಟಿಪಿ ಲಾಗಿಂಗ್ ಮೊದಲಿಗೆ ಆಫ್ ಇರುತ್ತದೆ, ವರ್ಚುವಲ್ ಸರ್ವರ್‌ನ ಪ್ರಾಪರ್ಟೀಸ್‌ನಲ್ಲಿ ಆನ್ ಮಾಡಿ ಒಂದು ಮೇಲ್ ಕಳಿಸಿ ಆ ಲಾಗ್ ಕೂಡ ಸೇರಿಸಿ. ಅದರಲ್ಲಿನ ಸಮಯ ನಿಮ್ಮ ಗಡಿಯಾರದ್ದಲ್ಲ, ಯುಟಿಸಿ (ಜಾಗತಿಕ ಪ್ರಮಾಣ ಸಮಯ). ಹಂಚಿಕೊಳ್ಳುವ ಮೊದಲು ಜನರ ಮೇಲ್ ವಿಳಾಸಗಳನ್ನೂ ಒಳಗಿನ ಐಪಿಗಳನ್ನೂ ಅಳಿಸಿಬಿಡಿ.